ವೀರ್ಯಾಣುವಿನ ಗುಣಮಟ್ಟ ಮತ್ತು ಕೃತಕ ಗರ್ಭಧಾರಣೆ



ಕನ್ನಡದಲ್ಲಿ ‘ಬಂಜೆ’ ಎಂಬ ಪದ ಹೆಂಗಸಿಗಷ್ಟೇ ಸಲ್ಲುತ್ತದೆ; ಗಂಡಸಿಗೆ ಅದರ ಜೋಡಿಪದವೇ ರೂಢಿಯಲ್ಲಿಲ್ಲ. ಇದರ ಫಲವನ್ನು ನಾವು ವೈದ್ಯರು ಕಾಣುತ್ತಲೇ ಇರುತ್ತೇವೆ. ಪತ್ನಿ ವರ್ಷಗಟ್ಟಲೆ ಪರೀಕ್ಷೆ, ಚುಚ್ಚುಮದ್ದು, ಹರಕೆಗಳನ್ನೆಲ್ಲ ಪೂರೈಸಿರುತ್ತಾಳೆ. ಪತಿಯ ವೀರ್ಯಪರೀಕ್ಷೆ ಒಮ್ಮೆಯೂ ಆಗಿರುವುದಿಲ್ಲ. ವಾಸ್ತವವಾಗಿ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪತಿಯ ಕಾರಣವೂ ಸೇರಿರುತ್ತದೆ. ಪುರುಷತ್ವಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೃತಕ ಗರ್ಭಧಾರಣೆಯು ಪ್ರನಾಳ ಶಿಶುವಿನ ವಿಧಾನವಲ್ಲ. ವೀರ್ಯವನ್ನು ತೊಳೆದು, ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸಿ, ಅಂಡ ಬಿಡುಗಡೆಯಾಗುವ ವೇಳೆಗೆ ತೆಳು ನಳಿಕೆಯಿಂದ ಗರ್ಭಕೋಶದೊಳಗೆ ಬಿಡುವುದಷ್ಟೇ ನಮ್ಮ ಕೆಲಸ. ಮುಂದೆ ಅಂಡನಾಳದವರೆಗೆ ಅವು ತಾವೇ ಈಜಬೇಕು, ಅಂಡದ ಕವಚವನ್ನು ತಾವೇ ಭೇದಿಸಬೇಕು. ಗುಣಮಟ್ಟದ ಮಹತ್ವವಿರುವುದು ಇಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಸೂಚಿಸುವ ಕೆಳಮಟ್ಟ ಹೀಗಿದೆ: ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಅದರಲ್ಲಿ ಶೇ. 42 ಚಲಿಸುವಂಥವು, ಶೇ. 4 ಸರಿಯಾದ ಆಕಾರದವು. ನೂರಕ್ಕೆ ನಾಲ್ಕೇ ಎಂದು ಗಾಬರಿಪಡಬೇಕಾಗಿಲ್ಲ. ಪ್ರಕೃತಿಯ ದುಂದು ಅಂಥದು. ಆದರೆ ಕೃತಕ ಗರ್ಭಧಾರಣೆಗೆ ನಾವು ಮುಖ್ಯವಾಗಿ ನೋಡುವುದು ತೊಳೆದ ಬಳಿಕ ಉಳಿಯುವ ಚಲನಶೀಲ ವೀರ್ಯಾಣುಗಳ ಸಂಖ್ಯೆಯನ್ನು. ಅದು 50 ಲಕ್ಷ ಮೀರಿದರೆ ಭರವಸೆಯಿದೆ. 10 ಲಕ್ಷಕ್ಕಿಂತ ಕಡಿಮೆಯಿದ್ದರೆ ಪ್ರನಾಳ ವಿಧಾನವೇ ಮೇಲು. ಎಲ್ಲವೂ ಅನುಕೂಲವಾಗಿದ್ದರೂ ಒಂದು ಸಲಕ್ಕೆ ಫಲ ದೊರೆಯುವುದು ನೂರರಲ್ಲಿ ಹತ್ತು ಹದಿನೈದು ಮಂದಿಗೆ ಮಾತ್ರ. ಪತ್ನಿಯ ವಯಸ್ಸೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಇನ್ನು ನಾವು ಬಾಳುತ್ತಿರುವ ಈ ನೆಲದ ಮಾತು. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ವೃಷಣಗಳಿಗಾದರೋ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಕುಲುಮೆ, ಒಲೆಗಳೆದುರು ದುಡಿಯುವವರಲ್ಲಿ ವೀರ್ಯಾಣುಗಳು ಕುಗ್ಗುವುದುಂಟು. ಧೂಮಪಾನವೂ ಹಾನಿಕರ. ಮೈಕಟ್ಟಿಗೆಂದು ಜಿಮ್ಮಿನಲ್ಲಿ ಚುಚ್ಚಿಸಿಕೊಳ್ಳುವ ಟೆಸ್ಟೊಸ್ಟೆರಾನ್ ಅಂತೂ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು.

ವೀರ್ಯಾಣುವೊಂದು ರೂಪುಗೊಂಡು ಪಕ್ವವಾಗಲು ಸುಮಾರು ಮೂರು ತಿಂಗಳು ಬೇಕು. ಆಗಸ್ಟಿನಲ್ಲಿ ಮಂಗಳೂರಿಗೆ ಇಳಿಯುವವರು ಮೇ ತಿಂಗಳಲ್ಲಿ ಇಲ್ಲಿಯೇ ಮೊದಲ್ಗೊಂಡ ವೀರ್ಯಾಣುಗಳನ್ನು ಒಯ್ಯುತ್ತಾರೆ. ಮೂವತ್ತು ದಿನದ ರಜೆಯ ತಂಪು ಅವನ್ನು ತಿದ್ದಲಾರದು. ಊರಿನಲ್ಲಿ ಚಿಕಿತ್ಸೆಯೆಂದು ಟಿಕೇಟು ಕಾದಿರಿಸುವವರು ಅದಕ್ಕೂ ನಾಲ್ಕು ತಿಂಗಳ ಮೊದಲೇ ಇಲ್ಲಿ ಪರೀಕ್ಷೆ ಮಾಡಿಸಲಿ. ಮೊದಲ ವರದಿ ಸರಿಯಿಲ್ಲದಿದ್ದರೆ ಇನ್ನೊಮ್ಮೆ ಮಾಡಿಸಬೇಕು. ಒಂದು ಜ್ವರವೂ ಫಲಿತಾಂಶವನ್ನು ಕೆಡಿಸೀತು. ಪರೀಕ್ಷೆಗೆ ಮುನ್ನ ಎರಡರಿಂದ ಏಳು ದಿನ ಸಂಯಮವಿರಲಿ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ಪ್ರಯೋಗಾಲಯ ತಲುಪಿಸಬೇಕು. ಕಾರಿನ ಎ.ಸಿ.ಯ ಮುಂದಿಡದೆ ಅಂಗಿಯ ಒಳಗೆ ಮೈಗೆ ಒತ್ತಿ ತನ್ನಿ.