ಡೇ ಕೇರ್ ಬಾಗಿಲಲ್ಲಿ ಅಳುವ ಮಗು: ಹೊಂದಿಕೊಳ್ಳಲು ಎರಡು ವಾರ ಕೊಡೋರು ಯಾರು?

"ಬಿಟ್ಟು ತಿರುಗಿ ನೋಡದೆ ಹೋಗಿಬಿಡಿ. ನಾಲ್ಕು ದಿನ ಅಳುತ್ತೆ, ಆಮೇಲೆ ಸರಿಹೋಗುತ್ತೆ." ಮಗುವನ್ನು ಡೇ ಕೇರ್‌ಗೆ ಸೇರಿಸುವ ಅಪ್ಪ-ಅಮ್ಮಂದಿರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಇದು. ಇದರಲ್ಲಿ ಅರ್ಧ ಮಾತ್ರ ನಿಜ. ಹೆಚ್ಚಿನ ಮಕ್ಕಳು ಕೊನೆಗೆ ಹೊಂದಿಕೊಳ್ಳುತ್ತವೆ, ಹೌದು. ಆದರೆ ಎಷ್ಟು ಸಂಕಟಪಟ್ಟು ಹೊಂದಿಕೊಳ್ಳುತ್ತವೆ ಅನ್ನೋದಕ್ಕೆ ಮಗುವಿನ ಸ್ವಭಾವದಷ್ಟೇ ಅಪ್ಪ-ಅಮ್ಮನ ಕೈಲಿರುವ ಸಮಯವೂ ಕಾರಣ. ಆ ಸಮಯ ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋದು ರಾಜಕೀಯದ ಪ್ರಶ್ನೆ.

ಮಗು ಅಳೋದು ಯಾಕೆ?

ಸುಮಾರು ಆರರಿಂದ ಎಂಟು ತಿಂಗಳ ಹೊತ್ತಿಗೆ, ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ಮಗುವಿಗೆ ಗೊತ್ತಾಗತೊಡಗುತ್ತದೆ. ಯಾವಾಗ ವಾಪಸ್ ಬರ್ತಾಳೆ ಅನ್ನೋದು ಮಾತ್ರ ಗೊತ್ತಾಗಲ್ಲ. ಈ ಅಗಲಿಕೆಯ ಆತಂಕ ಒಂದು-ಒಂದೂವರೆ ವರ್ಷದ ಆಸುಪಾಸಿನಲ್ಲಿ ಜೋರಾಗಿದ್ದು, ನಂತರ ನಿಧಾನಕ್ಕೆ ಇಳಿಯುತ್ತದೆ. ಇದು ಹಟವೂ ಅಲ್ಲ, ಮುದ್ದು ಮಾಡಿ ಕೆಡಿಸಿದ್ದರ ಫಲವೂ ಅಲ್ಲ.

ಇನ್ನೊಂದು ಮಾತು. ಸುಮ್ಮನಾದ ಮಗು ಅಂದ್ರೆ ಹೊಂದಿಕೊಂಡ ಮಗು ಅಂತ ಅರ್ಥ ಅಲ್ಲ. 1952ರಲ್ಲಿ ಬ್ರಿಟನ್ನಿನ ಜೇಮ್ಸ್ ರಾಬರ್ಟ್‌ಸನ್, ಆಸ್ಪತ್ರೆಯಲ್ಲಿ ಒಂಟಿಯಾಗಿ ಉಳಿದ ಎರಡು ವರ್ಷದ ಮಗುವಿನ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. 'ಒಳ್ಳೆ ಮಗು' ಥರ ತೆಪ್ಪಗಿದ್ದ ಆ ಮಗುವಿನೊಳಗಿನ ಸಂಕಟ ಅದರಲ್ಲಿ ಕಾಣುತ್ತಿತ್ತು. ಆಸ್ಪತ್ರೆ ಬೇರೆ, ಸಂಜೆ ಮನೆಗೆ ಕರೆದೊಯ್ಯುವ ಡೇ ಕೇರ್ ಬೇರೆ, ನಿಜ. ಆದರೆ ಅಳು ನಿಂತಿತು ಅನ್ನೋದೊಂದನ್ನೇ ಅಳತೆಗೋಲು ಮಾಡಿಕೊಳ್ಳಬಾರದು ಅನ್ನೋ ಪಾಠ ಇಲ್ಲಿಗೂ ಸಲ್ಲುತ್ತದೆ.

ಹಾಗಾದ್ರೆ ಹೇಗೆ ಬಿಡೋದು?

ಜರ್ಮನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ 'ಬರ್ಲಿನ್ ಮಾದರಿ' ಇದಕ್ಕೊಂದು ಸ್ಪಷ್ಟ ಕ್ರಮ ಕೊಡುತ್ತದೆ. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಹೋಗಿ, ಒಂದು ಗಂಟೆಯಷ್ಟು ಅದೇ ಕೋಣೆಯಲ್ಲಿ ಕೂತು, ಜೊತೆಗೇ ವಾಪಸ್ ಬರಬೇಕು. ಆಟ ಆಡಿಸೋದು ಅಲ್ಲಿನ ಆಯಾ ಕೆಲಸ. ನೀವು ಮೂಲೆಯಲ್ಲಿ ಸುಮ್ಮನೆ ಇದ್ದರೆ ಸಾಕು, ಮಗು ಬೇಕಾದಾಗ ಓಡಿ ಬರುತ್ತೆ. ನಾಲ್ಕನೇ ದಿನ ಹೇಳಿ ಹೊರಗೆ ಹೋಗಿ, ಹೆಚ್ಚೆಂದರೆ ಅರ್ಧ ಗಂಟೆ. ಆಯಾ ಸಮಾಧಾನ ಮಾಡಿದಾಗ ಅಳು ನಿಂತರೆ ಮಾರನೇ ದಿನಗಳಲ್ಲಿ ಸಮಯ ಹೆಚ್ಚಿಸಿ. ನಿಲ್ಲದಿದ್ದರೆ ಬೇಗ ವಾಪಸ್ ಬಂದು, ಮುಂದಿನ ಪ್ರಯತ್ನವನ್ನು ಕೆಲವು ದಿನ ಮುಂದೂಡಿ. ಒಟ್ಟು ಎರಡು-ಮೂರು ವಾರ ಹಿಡಿಯಬಹುದು. ಮಗು ಅಳಲೇಬಾರದು ಅನ್ನೋದು ಇಲ್ಲಿ ಗುರಿಯಲ್ಲ. ಅತ್ತಾಗ ಆಯಾ ಎತ್ತಿಕೊಂಡರೆ ಮಗುವಿಗೆ ಸಮಾಧಾನ ಆಗಬೇಕು, ಅದು ಗುರಿ.

ನಮ್ಮ ಮನೆಗಳಿಗೆ ಹೊಂದುವ ಕೆಲವು ವಿಷಯ ಸೇರಿಸಬಹುದು. ಕಣ್ತಪ್ಪಿಸಿ ಓಡಬೇಡಿ, ಟಾಟಾ ಹೇಳಿಯೇ ಹೋಗಿ. 'ಐದು ಗಂಟೆಗೆ' ಅಂದ್ರೆ ಮಗುವಿಗೆ ಏನೂ ಅರ್ಥ ಆಗಲ್ಲ. 'ಮಲಗಿ ಎದ್ದು ಹಾಲು ಕುಡಿದ ಮೇಲೆ ಬರ್ತೀನಿ' ಅನ್ನಿ, ಹಾಗೇ ಬನ್ನಿ. ಅಮ್ಮನ ಹಳೇ ದುಪಟ್ಟಾ ಜೊತೆಗಿರಲಿ. ಊಟಕ್ಕೆ 'ಮಮ್ಮು', ನಿದ್ದೆಗೆ 'ತಾಚಿ' ಅನ್ನುವ ಮಗುವನ್ನು ಬೇರೆ ಭಾಷೆ ಆಡುವ ಆಯಾ ನೋಡಿಕೊಳ್ಳುತ್ತಿದ್ದರೆ, ಆ ಪದಗಳನ್ನು ಬರೆದುಕೊಡಿ. ನಿಮಗೆ ಆಗದಿದ್ದರೆ ಮಗು ನಂಬುವ ಅಜ್ಜಿಯೋ ಚಿಕ್ಕಮ್ಮನೋ ಜೊತೆ ಕೂರಬಹುದು. ರಜೆ ಮುಗಿದ ಮೇಲೆ ಶುರು ಮಾಡುವ ಬದಲು ರಜೆಯ ಕೊನೆಯ ಎರಡು ವಾರದಲ್ಲೇ ಶುರು ಮಾಡಿ.

ಆ ಎರಡು ವಾರ ಯಾರ ಹತ್ರ ಇದೆ?

2017ರ ತಿದ್ದುಪಡಿ ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು. ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಅಂದರೆ ಮಗುವಿಗೆ ನಾಲ್ಕರಿಂದ ಆರು ತಿಂಗಳಾಗುವಷ್ಟರಲ್ಲಿ ರಜೆ ಖಾಲಿ. ಅಗಲಿಕೆಯ ಆತಂಕ ತಲೆ ಎತ್ತುವ ಹೊತ್ತಿಗೆ ಸರಿಯಾಗಿ ಅಮ್ಮ ಕೆಲಸಕ್ಕೆ ವಾಪಸ್. ಅಪ್ಪನ ವಿಷಯ ಇನ್ನೂ ಕಷ್ಟ: ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿ ವಲಯಕ್ಕೆ ಕಾನೂನೇ ಇಲ್ಲ.

50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಲು ಬಿಡಬೇಕು ಅಂತಲೂ ಅದೇ ತಿದ್ದುಪಡಿ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶಗಳಿವೆ. ಆದರೆ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುವ ಗಾರ್ಮೆಂಟ್ಸ್ ಲೈನಿನಿಂದ ನಾಲ್ಕು ಸಲ ಎದ್ದು ಹೋಗೋದು ಎಷ್ಟು ಜನರಿಗೆ ಸಾಧ್ಯ? ಮನೆಗೆಲಸದವರು ಈ ಲೆಕ್ಕದಲ್ಲೇ ಇಲ್ಲ. ನರೇಗಾ ಕೂಲಿಕಾರರ ಪುಟ್ಟ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಘೋಷಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ದಿನಗೂಲಿಯ ಅಮ್ಮ ಅಲ್ಲಿ ಮೂರು ದಿನ ಮಗುವಿನ ಜೊತೆ ಕೂತರೆ ಆ ಕೂಲಿ ತುಂಬಿಕೊಡೋರು ಯಾರು?

ಪ್ರಾಜೆಕ್ಟ್ ಕೈಬದಲಾಯಿಸುವಾಗ ಐಟಿ ಕಂಪನಿಗಳು ವಾರಗಟ್ಟಲೆ 'ಕೆಟಿ' ಇಡುತ್ತವೆ. ಮಗುವನ್ನು ಕೈಬದಲಾಯಿಸೋದಕ್ಕೂ ಹಾಗೆ ಸಮಯ ಕೇಳೋದು ಅತಿಯಾಸೆಯಲ್ಲ. ಅಪ್ಪ ಅಥವಾ ಅಮ್ಮನಿಗೆ ಸಂಬಳ ಸಹಿತ ಹತ್ತು ಅರ್ಧ ದಿನ, ದಿನಗೂಲಿಯವರಿಗೆ ಅಷ್ಟೇ ದಿನಗಳ ಕೂಲಿ: ಕಾರ್ಮಿಕ ಸಂಘಗಳ ಬೇಡಿಕೆ ಪಟ್ಟಿಗೆ ಇದು ಸೇರಲಿ. ಜೊತೆಗೆ ಆಯಾಗಳಿಗೆ ಬದುಕಲು ಸಾಲುವ ಸಂಬಳ. ಸಂಬಳ ಸಾಲದೆ ಅವರು ಕೆಲಸ ಬಿಟ್ಟಾಗಲೆಲ್ಲ ಮಗು ಮತ್ತೆ ಮೊದಲನೇ ದಿನದಿಂದ ಶುರು ಮಾಡಬೇಕಾಗುತ್ತೆ.