ನಡೆದಾಡಲು ಬಿಟ್ಟ ನೆಲ

1992ರಲ್ಲಿ ಇಂಗ್ಲೆಂಡಿನ ಸರ್ರೆ ಸೀಮೆಯ ಫಾರ್ನಮ್ ಪಾರ್ಕಿನಲ್ಲಿ ಒಬ್ಬಾತ ಮೆಟಲ್ ಡಿಟೆಕ್ಟರ್ ಹಿಡಿದು ಅಡ್ಡಾಡುತ್ತಿದ್ದ. ಪಾರ್ಕು ಎಲ್ಲರದು, ಯಾರು ಬೇಕಾದರೂ ಬರಬಹುದು. ಒಂದೆಡೆ ಯಂತ್ರ ಕಿರುಗುಟ್ಟಿತು. ಅಲ್ಲಿ ಅಗೆದ. ಸುಮಾರು ಒಂಬತ್ತು ಇಂಚು ಆಳದಲ್ಲಿ, ಬಿಗಿದ ಮಣ್ಣಿನ ಕೆಳಗೆ, ಮಧ್ಯಯುಗದ ಒಂದು ಚಿನ್ನದ ಬ್ರೋಚ್ ಸಿಕ್ಕಿತು. ಬ್ರೋಚ್ ಎಂದರೆ ಮೇಲುಡುಪಿಗೆ ಚುಚ್ಚಿಕೊಳ್ಳುವ ಪಿನ್ನಿನ ಒಡವೆ.

ಆತ ಅದನ್ನು ಜೇಬಿಗಿಳಿಸಿ ಮನೆಗೆ ಹೋಗಲಿಲ್ಲ. ಸಿಕ್ಕಿದ್ದನ್ನು ತಿಳಿಸಿದ, ವಿಚಾರಣೆ ಕೊರೋನರ್ ಮುಂದೆ ಬಂತು. ಅನುಮಾನಾಸ್ಪದ ಸಾವುಗಳ ವಿಚಾರಣೆ ನಡೆಸುವ ಈ ಅಧಿಕಾರಿಯೇ ನಿಧಿಯ ಪಂಚಾಯಿತಿಯನ್ನೂ ಮಾಡುವುದು ಆ ದೇಶದ ಹಳೆಯ ವಿಚಿತ್ರಗಳಲ್ಲಿ ಒಂದು. ಅಂದಿನ ನಿಯಮದಂತೆ, ಮತ್ತೆ ಬಂದು ತೆಗೆದುಕೊಳ್ಳುವೆನೆಂದು ಯಾರೋ ಬಚ್ಚಿಟ್ಟ ಚಿನ್ನಬೆಳ್ಳಿ ಮಾತ್ರ ನಿಧಿ, ಅದು ರಾಣಿಯ ಸೊತ್ತು. ನಡೆಯುವಾಗ ಬಟ್ಟೆಯಿಂದ ಕಳಚಿ ಬಿದ್ದ ಒಡವೆ ನಿಧಿಯಲ್ಲ. ಬ್ರೋಚ್ ನಿಧಿಯಲ್ಲವೆಂದು ತೀರ್ಮಾನವಾಗಿ ಹುಡುಕಿದವನ ಕೈಗೇ ಮರಳಿತು.

ಆಗ ಪಾರ್ಕಿನ ಒಡೆತನವಿದ್ದ ವೇವರ್ಲಿ ಬರೋ ಕೌನ್ಸಿಲ್ ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟು ಹುಡುಕಿದವನ ಪರ ನಿಂತರೂ 1995ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ತಿರುಗಿಸಿತು. ನೆಲದ ಮೇಲೆ ಬಿದ್ದ ವಸ್ತುವಿನ ಮಾತು ಬೇರೆ, ನೆಲದೊಳಗೆ ಹುದುಗಿದ್ದರ ಮಾತು ಬೇರೆ. ಒಳಗಿದ್ದದ್ದರ ಮೇಲೆ ನೆಲದ ಒಡೆಯನ ಹಕ್ಕೇ ದೊಡ್ಡದು ಎಂದಿತು. ಜೊತೆಗೆ, ಪಾರ್ಕನ್ನು ಜನರಿಗೆ ಬಿಟ್ಟಿರುವುದು ಆಟ, ವಿಹಾರಕ್ಕೆ. ಗುದ್ದಲಿ ಹಾಕಲು ಅಲ್ಲ, ಹಾಕಿದ ಗಳಿಗೆಯಿಂದ ಅದು ಅತಿಕ್ರಮಣ ಎಂದೂ ಹೇಳಿತು. ಡಿಟೆಕ್ಟರ್ ಬಳಕೆಗೆ ಪಾರ್ಕು ಮತ್ತು ಕಡಲ ತೀರದ ನಿಯಮಗಳನ್ನು ಹುಡುಕಿಕೊಂಡು ಹೊರಟವರು ಮೊದಲು ಓದಬೇಕಾದದ್ದು ಈ ತೀರ್ಪನ್ನು. ಬಾಗಿಲು ತೆರೆದಿದೆ ಎಂದರೆ ಅಗೆಯಲು ಹೇಳಿದರು ಎಂದಲ್ಲ.

ಯಂತ್ರದ ಕೆಲಸ ಸರಳ. ಅಡಿಯ ತಟ್ಟೆಯಲ್ಲಿರುವ ತಂತಿಸುರುಳಿ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ಮಣ್ಣಿಗಿಳಿಸುತ್ತದೆ. ಅದು ತಾಗಿದ ಲೋಹದೊಳಗೆ ಪುಟ್ಟ ವಿದ್ಯುತ್ ಸುಳಿಗಳು ಏಳುತ್ತವೆ, ಅವು ತಮ್ಮದೇ ಕಾಂತಕ್ಷೇತ್ರ ಹೊಮ್ಮಿಸುತ್ತವೆ, ಸುರುಳಿ ಅದನ್ನು ಹಿಡಿದು ದನಿ ಮಾಡುತ್ತದೆ. ಒಂದು ನಾಣ್ಯವಾದರೆ ಸಾಮಾನ್ಯವಾಗಿ ಗೇಣುದ್ದದ ಆಳದವರೆಗೆ ಸಿಗಬಹುದು. ಉಪ್ಪುನೀರಿನಲ್ಲಿ ನೆನೆದ ಮರಳೂ ವಿದ್ಯುತ್ತನ್ನು ಹರಿಸುವುದರಿಂದ, ಹೊಲದಲ್ಲಿ ಚೆನ್ನಾಗಿ ಓಡುವ ಯಂತ್ರ ಕಡಲಂಚಿನಲ್ಲಿ ಸುಮ್ಮಸುಮ್ಮನೆ ಕೂಗತೊಡಗುತ್ತದೆ. ತೀರಕ್ಕೆಂದೇ ಬೇರೆ ಬಗೆಯ ಯಂತ್ರಗಳಿರುವುದು ಅದಕ್ಕೇ. ಯಾವ ಯಂತ್ರ ಹಿಡಿದರೂ ಹತ್ತರಲ್ಲಿ ಒಂಬತ್ತು ಸಲ ಮೇಲೆ ಬರುವುದು ಬಾಟಲಿಯ ಬಿರಡೆಯೇ ಎಂದು ಈ ಹವ್ಯಾಸಿಗಳೇ ನಗುತ್ತಾರೆ.

ಪಾರ್ಕುಗಳ ಮಟ್ಟಿಗೆ ಒಂದೇ ಉತ್ತರವಿಲ್ಲ. ಲಂಡನ್ನಿನ ಹೈಡ್ ಪಾರ್ಕ್‌ನಂಥ ರಾಯಲ್ ಪಾರ್ಕುಗಳಲ್ಲಿ ಯಂತ್ರ ಹಿಡಿದು ಹುಡುಕಲು ಅವಕಾಶವಿಲ್ಲ. ಉಳಿದೆಡೆ ಆಯಾ ಕೌನ್ಸಿಲ್ಲಿನ ಮಾತೇ ಕಡೆ. ಕೆಲವು ಬೇಡವೇ ಬೇಡ ಎನ್ನುತ್ತವೆ, ಕೆಲವು ಅರ್ಜಿ ಕೇಳುತ್ತವೆ. ಸಂರಕ್ಷಿತ ಸ್ಮಾರಕದ ಮೇಲಂತೂ 1979ರ ಕಾಯ್ದೆಯಂತೆ ಲಿಖಿತ ಒಪ್ಪಿಗೆಯಿಲ್ಲದೆ ಯಂತ್ರ ಬಳಸುವುದೇ ಅಪರಾಧ, ಅಗೆಯದಿದ್ದರೂ ಕೂಡ.

ತೀರದ ಲೆಕ್ಕ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅಲ್ಲಿ ಒಡೆತನದ ಬೇಲಿಯನ್ನು ಹಾಕಿರುವುದು ಸಮುದ್ರವೇ. ಉಬ್ಬರದ ನೀರು ಸರಾಸರಿ ಎಲ್ಲಿಯವರೆಗೆ ಏರುತ್ತದೆ, ಇಳಿತದಲ್ಲಿ ಎಲ್ಲಿಯವರೆಗೆ ಸರಿಯುತ್ತದೆ ಎಂಬ ಎರಡು ಗೆರೆಗಳ ನಡುವಿನ ಪಟ್ಟಿ ಒಬ್ಬರದು, ಅದರ ಮೇಲಿನ ಒಣ ಮರಳು ಇನ್ನೊಬ್ಬರದು ಆಗಿರಬಹುದು. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳ ಈ ನಡುಪಟ್ಟಿಯಲ್ಲಿ ಸುಮಾರು ಅರ್ಧ, ರಾಜಪದವಿಗೆ ಸೇರಿದ ಆಸ್ತಿಯನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಸೇರಿದ್ದು. ಹಿಂದೆ ಅಲ್ಲಿ ಹುಡುಕಲು ಅರ್ಜಿ ತುಂಬಿ ಪರವಾನಗಿ ಪಡೆಯಬೇಕಿತ್ತು. ಈಗ ಷರತ್ತುಗಳನ್ನು ಪಾಲಿಸಿದರೆ ಸಾಕು, ಬೇರೆ ಕಾಗದ ಬೇಡ. ಉಳಿದರ್ಧ ಮಾತ್ರ ಹರಿದು ಹಂಚಿಹೋಗಿದೆ: ಕೌನ್ಸಿಲ್‌ಗಳು, ಕಾರ್ನ್‌ವಾಲ್ ಡಚಿ, ಸೇನೆ, ಖಾಸಗಿಯವರು. ಹತ್ತು ಹೆಜ್ಜೆ ಅತ್ತಿತ್ತ ಹೋದರೆ ಒಡೆಯ ಬದಲಾಗುತ್ತಾನೆ, ಮರಳ ಮೇಲೆ ಅದರ ಗುರುತೇನೂ ಇರುವುದಿಲ್ಲ.

ಲಂಡನ್ನಿನ ಥೇಮ್ಸ್ ನದಿಗೂ ಕಡಲಿನ ಉಬ್ಬರವಿಳಿತವುಂಟು. ಅಲ್ಲಿ ಕೆಸರು ಕೆದಕುವವರಿಗೆ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕೇ ಬೇಕು. ಯಂತ್ರವಿಲ್ಲದೆ ಬರಿಗಣ್ಣಲ್ಲಿ ಹುಡುಕುವವರಿಗೂ. ಬೇಡಿಕೆ ಎಷ್ಟು ಏರಿತೆಂದರೆ 2022ರಲ್ಲಿ ಹೊಸ ಪರವಾನಗಿ ಕೊಡುವುದನ್ನೇ ನಿಲ್ಲಿಸಬೇಕಾಯಿತು.

ಒಪ್ಪಿಗೆ ಇದ್ದು, ಏನೋ ಸಿಕ್ಕಿತೆನ್ನಿ. ಮುಳುಗಿದ ಹಡಗಿನ ವಸ್ತುವಾದರೆ 28 ದಿನಗಳೊಳಗೆ ಅದಕ್ಕೆಂದೇ ಇರುವ ಅಧಿಕಾರಿಗೆ ತಿಳಿಸಬೇಕು. ಹೋದ ವಾರ ಈಜಲು ಬಂದವರ ಬೆರಳಿನಿಂದ ಜಾರಿದ ಉಂಗುರವಾದರೆ ಅದು ಅವರದೇ. ಒಡೆಯರನ್ನು ಹುಡುಕದೆ ಇಟ್ಟುಕೊಂಡರೆ ಕಳ್ಳತನ. ಮಹಾಯುದ್ಧದ ಸಿಡಿಯದ ಬಾಂಬು ಸಿಕ್ಕಿದರೆ ಮುಟ್ಟದೆ ದೂರ ಸರಿದು ಪೊಲೀಸರನ್ನು ಕರೆಯಬೇಕು.

ನಿಜಕ್ಕೂ ಹಳೆಯದಾದರೆ 1996ರ ಟ್ರೆಶರ್ ಆಕ್ಟ್ ನೆನಪಾಗಬೇಕು. ಬಚ್ಚಿಟ್ಟದ್ದೋ ಬಿದ್ದದ್ದೋ ಎಂಬ ಹಳೆಯ ತಕರಾರನ್ನು ಈ ಕಾಯ್ದೆ ತೆಗೆದುಹಾಕಿತು. ನಾಣ್ಯವಲ್ಲದ, 300 ವರ್ಷ ದಾಟಿದ, ಕನಿಷ್ಠ ಶೇ. 10ರಷ್ಟು ಚಿನ್ನ ಅಥವಾ ಬೆಳ್ಳಿಯಿರುವ ವಸ್ತು ನಿಧಿಯೇ. 14 ದಿನಗಳೊಳಗೆ ಕೊರೋನರ್‌ಗೆ ತಿಳಿಸಬೇಕು. ಮ್ಯೂಸಿಯಂ ಅದನ್ನು ಕೊಂಡರೆ ಬರುವ ಹಣ ಸಾಮಾನ್ಯವಾಗಿ ಹುಡುಕಿದವರಿಗೂ ನೆಲದ ಒಡೆಯರಿಗೂ ಅರ್ಧರ್ಧ. ಒಪ್ಪಿಗೆಯಿಲ್ಲದೆ ಅಗೆದವರ ಪಾಲನ್ನು ಕಡಿತ ಮಾಡಬಹುದು, ಪೂರ್ತಿ ಇಲ್ಲವೆನ್ನಲೂಬಹುದು.

ಈ ಕಾಯ್ದೆಗೂ ಒಂದು ಕಿಂಡಿ ಇತ್ತು. 2010ರಲ್ಲಿ ಕಂಬ್ರಿಯಾದ ಕ್ರಾಸ್ಬಿ ಗ್ಯಾರೆಟ್ ಊರಿನ ಬಳಿ ರೋಮನ್ನರ ಕಾಲದ ಕುದುರೆ ಸವಾರನ ಶಿರಸ್ತ್ರಾಣವೊಂದು ಚೂರುಚೂರಾಗಿ ಸಿಕ್ಕಿತು. ಮನುಷ್ಯನ ಮುಖವನ್ನೇ ಹೋಲುವ ಮುಖವಾಡವಿದ್ದ ಅಪರೂಪದ ವಸ್ತು. ಆದರೆ ಅದು ತಾಮ್ರದ ಮಿಶ್ರಲೋಹ, ಒಂಟಿ ವಸ್ತು. ಚಿನ್ನಬೆಳ್ಳಿಯ ತಕ್ಕಡಿಯಲ್ಲಿ ತೂಗಿದ ಕಾಯ್ದೆ ಅದನ್ನು ನಿಧಿ ಎನ್ನಲಿಲ್ಲ. ಕಾರ್ಲೈಲ್‌ನ ಟಲಿ ಹೌಸ್ ಮ್ಯೂಸಿಯಂ ಚಂದಾ ಎತ್ತಿ ಹರಾಜಿಗೆ ಬಂತು, ಸೋತಿತು. ಸುಮಾರು 23 ಲಕ್ಷ ಪೌಂಡಿಗೆ ಅದು ಖಾಸಗಿಯವರ ಕೈಸೇರಿತು. ಹದಿಮೂರು ವರ್ಷ ಕಳೆದು, 2023ರ ಜುಲೈನಲ್ಲಿ, ಲೋಹ ಯಾವುದೇ ಇರಲಿ, 200 ವರ್ಷ ದಾಟಿ ಇತಿಹಾಸಕ್ಕೆ ಅಸಾಧಾರಣ ಬೆಳಕು ಬೀರುವಂಥದ್ದಾದರೆ ಅದೂ ನಿಧಿ ಎಂದು ಸೇರಿಸಲಾಯಿತು. ಕದ ಹಾಕಿದ್ದು ಕುದುರೆ ಹೋದ ಮೇಲೆ, ಆದರೂ ಹಾಕಿದ್ದು ಒಳ್ಳೆಯದೇ.

ಮುಚ್ಚಿಟ್ಟವರ ಗತಿಗೆ ಲೆಮಿನ್‌ಸ್ಟರ್ ಪ್ರಕರಣವಿದೆ. 2015ರಲ್ಲಿ ಆ ಊರಿನ ಬಳಿಯ ಹೊಲದಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ಒಡವೆ, ನಾಣ್ಯಗಳ ಗಂಟು ಸಿಕ್ಕಿತು. ಯಾರಿಗೂ ಹೇಳದೆ ಮಾರತೊಡಗಿದರು. ಸುಮಾರು 300 ನಾಣ್ಯಗಳಿದ್ದಿರಬಹುದೆಂಬ ಅಂದಾಜು; 2019ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾದಾಗ ಅಧಿಕಾರಿಗಳ ಕೈಗೆ ಬಂದಿದ್ದವು 31. ಶಿಕ್ಷೆ ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಎಂಟೂವರೆ. ಮೇಲ್ಮನವಿಯಲ್ಲಿ ಒಂದಿಷ್ಟು ಇಳಿಯಿತು. ನಿಯಮದಂತೆ ಹೇಳಿಕೊಂಡಿದ್ದರೆ ಇಬ್ಬರೂ ಲಕ್ಷಾಂತರ ಪೌಂಡಿನ ಧಣಿಗಳಾಗುತ್ತಿದ್ದರು.

ನಮ್ಮಲ್ಲಿ ನಿಧಿ ಎಂದೊಡನೆ ನೆನಪಾಗುವುದು ಅಮಾವಾಸ್ಯೆ, ನಿಂಬೆಹಣ್ಣು ಮತ್ತು ಹಾಳುಗುಡಿಯ ಗರ್ಭಗುಡಿ ಅಗೆಯುವ ನಿಧಿಗಳ್ಳರು. ಕಾಯ್ದೆಯ ವಿಷಯದಲ್ಲಿ ಮಾತ್ರ ನಾವು ಇಂಗ್ಲೆಂಡಿಗಿಂತ ನೂರು ವರ್ಷ ಮುಂದಿದ್ದೆವು. ಬ್ರಿಟಿಷರು ತಮ್ಮ ದೇಶದಲ್ಲಿ ರೂಢಿಯ ಮೇಲೆ ನಡೆಸುತ್ತಿದ್ದುದನ್ನು ಇಲ್ಲಿ 1878ರಲ್ಲೇ ಬರೆದಿಟ್ಟರು. ಆಮೇಲೆ 1962ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡಿತು. 1878ರ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿರುವ, ಹತ್ತು ರೂಪಾಯಿ ಮೀರಿದ ಯಾವ ವಸ್ತು ಸಿಕ್ಕಿದರೂ ಕಲೆಕ್ಟರಿಗೆ ತಿಳಿಸಬೇಕು. ಮುಚ್ಚಿಟ್ಟವನ ಪಾಲು ಸರ್ಕಾರಕ್ಕೆ, ಮೇಲೆ ಒಂದು ವರ್ಷದವರೆಗೆ ಜೈಲೂ ಉಂಟು. ವಾರಸುದಾರರು ಯಾರೂ ಬರದೆ, ಬೇರೆ ಕರಾರೂ ಇಲ್ಲದಿದ್ದರೆ ಹುಡುಕಿದವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು. ಫಾರ್ನಮ್ಮಿನ ಬ್ರೋಚನ್ನು ಈ ಲೆಕ್ಕದಲ್ಲಿ ಹಂಚಿದ್ದರೆ ಕೌನ್ಸಿಲ್ಲಿಗೆ ಕಾಲು ಭಾಗವಷ್ಟೇ ದಕ್ಕುತ್ತಿತ್ತು.