ರೆಸಿಡೆಂಟ್ ಈವಿಲ್ 4: ವೀ ಎಡಿಷನ್

ರೆಸಿಡೆಂಟ್ ಈವಿಲ್ 4: ವೀ ಎಡಿಷನ್ ಎಂಬುದು ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು 2007ರಲ್ಲಿ ನಿಂಟೆಂಡೊ ವೀ ಕನ್ಸೋಲ್‌ಗಾಗಿ ಹೊರತಂದ ಭಯಾನಕ ಸಾಹಸ ವಿಡಿಯೋ ಗೇಮ್. ಇದು 2005ರಲ್ಲಿ ನಿಂಟೆಂಡೊ ಗೇಮ್‌ಕ್ಯೂಬ್‌ಗಾಗಿ ಬಿಡುಗಡೆಯಾಗಿದ್ದ ರೆಸಿಡೆಂಟ್ ಈವಿಲ್ 4ರ ಮರುಆವೃತ್ತಿಯಾಗಿದೆ. ಮೂಲದ ಕಥೆ, ಪಾತ್ರಗಳು, ಸ್ಥಳಗಳು ಮತ್ತು ಶತ್ರುಗಳ ವರ್ತನೆಯನ್ನು ಇದರಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಮುಖ್ಯವಾಗಿ ಬದಲಾದದ್ದು ಆಟಗಾರನು ಗುರಿಯಿಡುವ ವಿಧಾನ: ಗುಂಡಿ ಮತ್ತು ಕಡ್ಡಿಗಳ ಬದಲಿಗೆ ಕೈಯ ಚಲನೆಯಿಂದಲೇ ಬಂದೂಕನ್ನು ನಿರ್ದೇಶಿಸಬಹುದು. ಆದ್ದರಿಂದ ಈ ಆವೃತ್ತಿಯು, ನಿಯಂತ್ರಣ ಸಾಧನವೊಂದು ಬದಲಾದ ಮಾತ್ರಕ್ಕೆ ಪರಿಚಿತ ಆಟವೊಂದರ ಅನುಭವ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಉತ್ತಮ ನಿದರ್ಶನವಾಗಿದೆ.

ಹಿನ್ನೆಲೆ

ರೆಸಿಡೆಂಟ್ ಈವಿಲ್ ಸರಣಿಯು 1996ರಲ್ಲಿ ಪ್ಲೇಸ್ಟೇಷನ್ ಕನ್ಸೋಲ್‌ನಲ್ಲಿ ಆರಂಭವಾಯಿತು. ಜಪಾನಿನಲ್ಲಿ ಇದಕ್ಕೆ ಬಯೋಹಜಾರ್ಡ್ ಎಂಬ ಹೆಸರಿದೆ. ಮೊದಲ ಆಟಗಳಲ್ಲಿ ಕ್ಯಾಮೆರಾ ಕೋಣೆಯ ಒಂದು ಮೂಲೆಯಲ್ಲಿ ಸ್ಥಿರವಾಗಿರುತ್ತಿತ್ತು. ಗುಂಡು, ಔಷಧಿಗಳ ಕೊರತೆ ಮತ್ತು ಮುಂದೇನಿದೆ ಎಂದು ಕಾಣದಿರುವುದು ಭಯದ ಮೂಲಗಳಾಗಿದ್ದವು.

ನಾಲ್ಕನೆಯ ಆಟದ ತಯಾರಿಕೆ ಹಲವು ಬಾರಿ ದಿಕ್ಕು ಬದಲಿಸಿತು. ಹಿಡೆಕಿ ಕಾಮಿಯಾ ಅವರ ನಿರ್ದೇಶನದಲ್ಲಿ ಆರಂಭವಾದ ಒಂದು ರೂಪವು ಸರಣಿಯ ಸ್ವರೂಪದಿಂದ ಬಹುದೂರ ಸರಿದುದರಿಂದ ಅದನ್ನು 2001ರಲ್ಲಿ ಡೆವಿಲ್ ಮೇ ಕ್ರೈ ಎಂಬ ಬೇರೆಯೇ ಆಟವಾಗಿ ಬಿಡುಗಡೆ ಮಾಡಲಾಯಿತು. 2003ರಲ್ಲಿ ಪ್ರದರ್ಶಿಸಲಾದ, ಕೊಕ್ಕೆ ಹಿಡಿದ ಪ್ರೇತಸದೃಶ ವ್ಯಕ್ತಿಯಿದ್ದ ಮತ್ತೊಂದು ರೂಪವನ್ನೂ ಕೈಬಿಡಲಾಯಿತು. ಕೊನೆಗೆ ಸರಣಿಯ ಜನಕರಾದ ಶಿಂಜಿ ಮಿಕಾಮಿ ಅವರೇ ನಿರ್ದೇಶನದ ಹೊಣೆ ಹೊತ್ತು ಆಟವನ್ನು ಪೂರ್ಣಗೊಳಿಸಿದರು. ಅದು 2005ರ ಜನವರಿಯಲ್ಲಿ ಗೇಮ್‌ಕ್ಯೂಬ್‌ನಲ್ಲಿಯೂ, ಅದೇ ವರ್ಷದ ಕೊನೆಯ ಭಾಗದಲ್ಲಿ ಪ್ಲೇಸ್ಟೇಷನ್ 2ರಲ್ಲಿಯೂ ಬಿಡುಗಡೆಯಾಯಿತು.

ಕಥಾವಸ್ತು

ಕಥೆ 2004ರಲ್ಲಿ ಸ್ಪೇನ್ ದೇಶದ ಗ್ರಾಮೀಣ ಪ್ರದೇಶವೊಂದರಲ್ಲಿ ನಡೆಯುತ್ತದೆ. ಅಮೆರಿಕದ ಅಧ್ಯಕ್ಷರ ಮಗಳಾದ ಆಶ್ಲಿ ಗ್ರಹಾಂ ಅಪಹರಣಕ್ಕೊಳಗಾಗಿದ್ದು, ಅವಳನ್ನು ಬಿಡಿಸಿ ತರಲು ಮಾಜಿ ಪೊಲೀಸ್ ಅಧಿಕಾರಿ ಲಿಯಾನ್ ಎಸ್. ಕೆನಡಿಯನ್ನು ಕಳುಹಿಸಲಾಗುತ್ತದೆ. ಅಪಹರಣದ ಹಿಂದೆ ಓಸ್ಮಂಡ್ ಸ್ಯಾಡ್ಲರ್ ಎಂಬವನ ನೇತೃತ್ವದ ಲೋಸ್ ಇಲುಮಿನಾಡೋಸ್ ಎಂಬ ಗುಪ್ತ ಪಂಥವಿದೆ. ಇದು ಲಾಸ್ ಪ್ಲಾಗಾಸ್ ಎಂಬ ಪರಾವಲಂಬಿ ಜೀವಿಗಳನ್ನು ಜನರ ದೇಹಕ್ಕೆ ಸೇರಿಸಿ ಅವರ ಮನಸ್ಸನ್ನು ವಶಪಡಿಸಿಕೊಳ್ಳುತ್ತದೆ. ಹೀಗೆ ವಶವಾದವರನ್ನು ಗನಾಡೊ ಎಂದು ಕರೆಯಲಾಗುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ ಜಾನುವಾರು ಎಂಬ ಅರ್ಥವಿದೆ. ಹಿಂದಿನ ಆಟಗಳ ಜಡಗತಿಯ ಜೀವಂತ ಶವಗಳಂತಲ್ಲದೆ ಇವರು ಮಾತನಾಡುತ್ತಾರೆ, ಏಣಿ ಹತ್ತುತ್ತಾರೆ, ಕೊಡಲಿ ಎಸೆಯುತ್ತಾರೆ ಮತ್ತು ಗುಂಪಾಗಿ ಸುತ್ತುವರಿಯುತ್ತಾರೆ.

ಮೂಲ ಆಟದಲ್ಲಿ ಭಯದ ರಚನೆ

ರೆಸಿಡೆಂಟ್ ಈವಿಲ್ 4ರಲ್ಲಿ ಕ್ಯಾಮೆರಾ ಲಿಯಾನ್‌ನ ಬೆನ್ನ ಹಿಂದೆ, ಭುಜದ ಸಮೀಪದಲ್ಲಿರುತ್ತದೆ. ಬಂದೂಕು ಎತ್ತಿದಾಗ ಅದರಿಂದ ಹೊರಡುವ ಕೆಂಪು ಲೇಸರ್ ಗೆರೆಯೇ ಗುರಿಯ ಸೂಚಕ. ಬಂದೂಕು ಎತ್ತಿರುವಷ್ಟು ಕಾಲವೂ ಲಿಯಾನ್ ಹೆಜ್ಜೆ ಇಡಲಾರ. ನಿಂತು ಗುಂಡು ಹಾರಿಸಬೇಕೇ ಅಥವಾ ಬಂದೂಕು ಇಳಿಸಿ ಓಡಬೇಕೇ ಎಂಬ ನಿರ್ಧಾರವನ್ನು ಆಟಗಾರನು ಪ್ರತಿ ಕ್ಷಣವೂ ಕೈಗೊಳ್ಳಬೇಕಾಗುತ್ತದೆ.

ಗೇಮ್‌ಕ್ಯೂಬ್ ಆವೃತ್ತಿಯಲ್ಲಿ ಈ ಗೆರೆಯನ್ನು ಹೆಬ್ಬೆರಳಿನ ಕಡ್ಡಿಯಿಂದ ಸರಿಸಬೇಕಿತ್ತು. ಎದುರಾಳಿಯ ತಲೆಯಿಂದ ಮೊಣಕಾಲಿಗೆ ಅಥವಾ ಒಬ್ಬನಿಂದ ಮತ್ತೊಬ್ಬನಿಗೆ ಗುರಿ ಬದಲಿಸಲು ಸಮಯ ಹಿಡಿಯುತ್ತಿತ್ತು. ಅಷ್ಟರಲ್ಲಿ ಉಳಿದವರು ಹತ್ತಿರ ಬರುತ್ತಿದ್ದರು. ಆಟದ ಆರಂಭದಲ್ಲೇ ಬರುವ ಹಳ್ಳಿಯ ದೃಶ್ಯ ಇದಕ್ಕೆ ಪ್ರಸಿದ್ಧ ಉದಾಹರಣೆ. ಗ್ರಾಮಸ್ಥರು ಎಲ್ಲ ದಿಕ್ಕುಗಳಿಂದ ಮುತ್ತುತ್ತಾರೆ, ಯಂತ್ರಗರಗಸ ಹಿಡಿದವನೊಬ್ಬ ಬೆನ್ನಟ್ಟುತ್ತಾನೆ ಮತ್ತು ಚರ್ಚಿನ ಗಂಟೆ ಮೊಳಗುವವರೆಗೆ ಆಟಗಾರನು ಹೇಗಾದರೂ ಬದುಕುಳಿಯಬೇಕು. ಗುರಿಯಿಡುವಿಕೆಯ ಈ ನಿಧಾನಗತಿಯೂ ಭಯದ ಒಂದು ಅಂಗವೇ ಆಗಿತ್ತು.

ಚಲನ ನಿಯಂತ್ರಣದ ಕಾರ್ಯವಿಧಾನ

ವೀ ಕನ್ಸೋಲ್ 2006ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಕೈಸಾಧನವಾದ ವೀ ರಿಮೋಟ್ ಎರಡು ಬಗೆಯ ಮಾಹಿತಿಯನ್ನು ಸಂಗ್ರಹಿಸುತ್ತದೆ. ರಿಮೋಟ್‌ನ ಒಳಗಿರುವ ವೇಗೋತ್ಕರ್ಷಮಾಪಕವು ಮೂರು ದಿಕ್ಕುಗಳಲ್ಲಿ ಕೈಯ ಬೀಸುವಿಕೆ ಮತ್ತು ಓಲುವಿಕೆಯನ್ನು ಗ್ರಹಿಸುತ್ತದೆ. ಅದರ ತುದಿಯಲ್ಲಿರುವ ಅವಕೆಂಪು ಕ್ಯಾಮೆರಾವು ಟಿ.ವಿ.ಯ ಬಳಿ ಇರಿಸಿದ ಪಟ್ಟಿಯ ಎರಡು ತುದಿಗಳಿಂದ ಹೊರಡುವ ಅವಕೆಂಪು ಬೆಳಕನ್ನು ನೋಡುತ್ತದೆ. ಈ ಪಟ್ಟಿಗೆ ಸೆನ್ಸರ್ ಬಾರ್ ಎಂಬ ಹೆಸರಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಕೇವಲ ಬೆಳಕು ಸೂಸುತ್ತದೆ. ಕ್ಯಾಮೆರಾದ ನೋಟದಲ್ಲಿ ಆ ಬೆಳಕಿನ ಬಿಂದುಗಳು ಎಲ್ಲಿ ಕಾಣುತ್ತವೆ ಎಂಬುದರಿಂದ ರಿಮೋಟ್ ಪರದೆಯ ಯಾವ ಭಾಗದತ್ತ ತಿರುಗಿದೆ ಎಂದು ಲೆಕ್ಕಹಾಕಲಾಗುತ್ತದೆ. ಈ ಮಾಹಿತಿಯು ಬ್ಲೂಟೂತ್ ಮೂಲಕ ಕನ್ಸೋಲ್‌ಗೆ ತಲಪುತ್ತದೆ. ಕೋಣೆಯೊಳಗೆ ಬೀಳುವ ನೇರ ಬಿಸಿಲು ಅಥವಾ ಉರಿಯುವ ಮೇಣದಬತ್ತಿಯಿಂದಲೂ ಅವಕೆಂಪು ಬೆಳಕು ಹೊಮ್ಮುವುದರಿಂದ ಅವು ಸೂಚಕವನ್ನು ತಪ್ಪುದಾರಿಗೆಳೆಯಬಲ್ಲವು.

ವೀ ಆವೃತ್ತಿಯಲ್ಲಿ ಆಟಗಾರನು ಎಡಗೈಯ ನನ್‌ಚಕ್ ಸಾಧನದಿಂದ ಲಿಯಾನ್‌ನನ್ನು ನಡೆಸುತ್ತಾನೆ. ಬಿ ಗುಂಡಿಯನ್ನು ಒತ್ತಿಹಿಡಿದು ಬಂದೂಕು ಎತ್ತಿ, ರಿಮೋಟನ್ನು ಪರದೆಯತ್ತ ತೋರಿಸಿ ಎ ಗುಂಡಿಯಿಂದ ಗುಂಡು ಹಾರಿಸಲಾಗುತ್ತದೆ. ಲೇಸರ್ ಗೆರೆಯ ಸ್ಥಾನದಲ್ಲಿ ವೃತ್ತಾಕಾರದ ಗುರಿಸೂಚಕ ಕಾಣಿಸಿಕೊಳ್ಳುತ್ತದೆ. ರಿಮೋಟ್ ಬೀಸಿದರೆ ಲಿಯಾನ್ ಚಾಕು ಬೀಸುತ್ತಾನೆ. ಉರುಳಿಬರುವ ಬಂಡೆಯಿಂದ ತಪ್ಪಿಸಿಕೊಳ್ಳುವಂತಹ ಸಂದರ್ಭಗಳಲ್ಲಿ ಗುಂಡಿಯನ್ನು ಪದೇ ಪದೇ ಒತ್ತುವ ಬದಲು ರಿಮೋಟನ್ನು ಜೋರಾಗಿ ಅಲುಗಾಡಿಸಬೇಕಾಗುತ್ತದೆ. ಹಳೆಯ ವಿಧಾನವನ್ನು ಬಯಸುವವರಿಗೆ ಗೇಮ್‌ಕ್ಯೂಬ್ ನಿಯಂತ್ರಕ ಮತ್ತು ಕ್ಲಾಸಿಕ್ ನಿಯಂತ್ರಕಗಳನ್ನು ಬಳಸುವ ಅವಕಾಶವನ್ನೂ ನೀಡಲಾಗಿದೆ.

ಮರು ಆಟದಲ್ಲಿ ಕಾಣುವ ವ್ಯತ್ಯಾಸಗಳು

ಈ ಬದಲಾವಣೆಯಿಂದ ಗುರಿಯಿಡುವ ಕಾಲಾವಧಿ ಗಣನೀಯವಾಗಿ ಕಡಿಮೆಯಾಗುತ್ತದೆ. ಮೊಣಕಾಲಿಗೆ ಗುಂಡು ಹಾರಿಸಿ ಎದುರಾಳಿಯನ್ನು ಬೀಳಿಸುವುದು, ಗಾಳಿಯಲ್ಲಿ ತೂರಿಬರುವ ಕೊಡಲಿಯನ್ನು ಹೊಡೆದುರುಳಿಸುವುದು, ಶತ್ರುವಿನ ಕೈಯಲ್ಲಿರುವ ಡೈನಮೈಟ್ ಕಡ್ಡಿಯನ್ನು ಅಲ್ಲಿಯೇ ಸಿಡಿಸುವುದು ಮುಂತಾದವು ಮೂಲದಲ್ಲಿಯೂ ಸಾಧ್ಯವಿದ್ದವು. ಆದರೆ ಅಲ್ಲಿ ನುರಿತವರ ಸಾಹಸವಾಗಿದ್ದ ಕೆಲಸಗಳು ಇಲ್ಲಿ ಸಾಮಾನ್ಯ ಆಟಗಾರನ ಕೈಗೂ ನಿಲುಕುತ್ತವೆ. ಹಳ್ಳಿಯ ಸುತ್ತಮುತ್ತ ನೇತುಹಾಕಿರುವ 15 ನೀಲಿ ಪದಕಗಳನ್ನು ಹೊಡೆಯುವ ಉಪಕಾರ್ಯವೂ ಸುಲಭವಾಗುತ್ತದೆ. ಗುಂಡುಗಳು ವ್ಯರ್ಥವಾಗುವುದು ಕಡಿಮೆಯಾದಂತೆ, ಅವು ಮುಗಿದುಹೋಗುವ ಆತಂಕವೂ ತಗ್ಗುತ್ತದೆ.

ಆಟದೊಳಗಿನ ಒಂದು ಗುಪ್ತ ವ್ಯವಸ್ಥೆ ಇದನ್ನು ಭಾಗಶಃ ಸರಿದೂಗಿಸುತ್ತದೆ. ಆಟಗಾರನು ಚೆನ್ನಾಗಿ ಆಡಿದಷ್ಟೂ ಶತ್ರುಗಳು ಹೆಚ್ಚು ಆಕ್ರಮಣಶೀಲರಾಗುತ್ತಾರೆ. ಪದೇ ಪದೇ ಸತ್ತರೆ ಆಟ ತಾನಾಗಿಯೇ ಮೃದುವಾಗುತ್ತದೆ. ಪ್ರೊಫೆಷನಲ್ ಎಂಬ ಕಠಿಣ ಹಂತದಲ್ಲಿ ಮಾತ್ರ ಈ ಪ್ರಮಾಣವು ಸದಾ ಗರಿಷ್ಠ ಮಟ್ಟದಲ್ಲಿರುತ್ತದೆ. ಆದರೂ ಶತ್ರುಗಳ ವೇಗ ಹೆಬ್ಬೆರಳಿನ ಕಡ್ಡಿಯನ್ನು ಬಳಸುವ ಆಟಗಾರನಿಗೆ ತಕ್ಕಂತೆ ನಿಗದಿಯಾದದ್ದು. ಅದೇ ವೇಗದ ಶತ್ರುಗಳ ಎದುರು ಹೆಚ್ಚು ಚುರುಕಾದ ಸಾಧನ ದೊರೆತಾಗ ಸಮತೋಲನ ಆಟಗಾರನ ಕಡೆಗೆ ವಾಲುತ್ತದೆ.

ಆಟವು ಪುನಃ ಆಡುವುದನ್ನೇ ಪ್ರೋತ್ಸಾಹಿಸುವಂತೆ ರಚಿತವಾಗಿದೆ. ಒಮ್ಮೆ ಮುಗಿಸಿದ ಬಳಿಕ ಗಳಿಸಿದ ಆಯುಧ ಮತ್ತು ಹಣದೊಂದಿಗೆ ಎರಡನೆಯ ಸುತ್ತನ್ನು ಆರಂಭಿಸಬಹುದು. ಪ್ಲೇಸ್ಟೇಷನ್ 2ರಲ್ಲಿ ಮೊದಲು ಸೇರಿಸಲಾಗಿದ್ದ, ಏಡಾ ವಾಂಗ್ ಪಾತ್ರದ ದೃಷ್ಟಿಯಿಂದ ಕಥೆ ಹೇಳುವ ಸೆಪರೇಟ್ ವೇಸ್ ಅಧ್ಯಾಯಗಳು ವೀ ಆವೃತ್ತಿಯಲ್ಲಿಯೂ ಇವೆ. ಹೀಗೆ ಗೇಮ್‌ಕ್ಯೂಬ್‌ನಲ್ಲಿ ಮಾತ್ರ ಆಡಿದ್ದವರಿಗೆ ಹೊಸ ಕಥಾಭಾಗವೂ ದೊರೆಯಿತು.

ಸ್ವಾಗತ ಮತ್ತು ಚರ್ಚೆ

ವಿಮರ್ಶೆಗಳನ್ನು ಕ್ರೋಡೀಕರಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಗೇಮ್‌ಕ್ಯೂಬ್ ಆವೃತ್ತಿಗೆ 100ಕ್ಕೆ 96 ಅಂಕಗಳೂ ವೀ ಆವೃತ್ತಿಗೆ 91 ಅಂಕಗಳೂ ದೊರೆತಿವೆ. ಗುರಿಯಿಡುವಿಕೆಯ ನಿಖರತೆ ಸಾಮಾನ್ಯವಾಗಿ ಪ್ರಶಂಸೆಗೆ ಪಾತ್ರವಾಯಿತು. ಆಟ ಸುಲಭವಾಯಿತು ಎಂಬುದು ಮುಖ್ಯ ಆಕ್ಷೇಪಣೆ.

ಈ ಆಕ್ಷೇಪಣೆಯ ಹಿಂದೆ ಭಯಾನಕ ಆಟಗಳ ಸ್ವರೂಪವನ್ನೇ ಕುರಿತ ಪ್ರಶ್ನೆಯಿದೆ. ಈ ಪ್ರಕಾರದ ಆಟಗಳಲ್ಲಿ ಅಸಹಾಯಕತೆಯು ದೋಷವಲ್ಲ, ಉದ್ದೇಶಪೂರ್ವಕ ಸಾಧನ. ನಿಯಂತ್ರಣ ಸುಧಾರಿಸಿದಾಗ ಆಟಗಾರನ ಆತ್ಮವಿಶ್ವಾಸ ಹೆಚ್ಚುತ್ತದೆ, ಭಯ ಇಳಿಯುತ್ತದೆ. ಇನ್ನೊಂದೆಡೆ, ಕೈಯನ್ನೇ ಬಂದೂಕಿನಂತೆ ಚಾಚುವುದರಿಂದ ಆಟಗಾರನು ದೃಶ್ಯಕ್ಕೆ ಇನ್ನಷ್ಟು ಹತ್ತಿರವಾಗುತ್ತಾನೆ. ಗುರಿ ತಪ್ಪಿದಾಗ ದೂರಲು ಕಡ್ಡಿಯ ನೆಪವಿರುವುದಿಲ್ಲ. ನಡುಗಿದ್ದು ಅವನ ಕೈಯೇ ಆಗಿರುತ್ತದೆ. ಹೀಗಾಗಿ ವೀ ಆವೃತ್ತಿಯು ಭಯವನ್ನು ಕಳೆದುಕೊಂಡಿತು ಎನ್ನುವುದಕ್ಕಿಂತ, ಕಾಯುವಿಕೆಯ ಆತಂಕದ ಜಾಗದಲ್ಲಿ ದೈಹಿಕ ತುರ್ತನ್ನು ತಂದಿತು ಎನ್ನುವುದು ಹೆಚ್ಚು ಸಮಂಜಸ. ಕತ್ತಲೆ ಕಾರಿಡಾರ್‌ನಲ್ಲಿ ಕೇಳಿಬರುವ ಉಸಿರಾಟದ ಸದ್ದಿನಂತಹ, ಗುರಿಯಿಡುವಿಕೆಗೆ ಸಂಬಂಧಿಸದ ಅಂಶಗಳು ಎರಡರಲ್ಲೂ ಒಂದೇ ಬಗೆಯ ಪರಿಣಾಮವನ್ನು ಉಳಿಸಿಕೊಂಡಿವೆ.

ನಂತರದ ಆವೃತ್ತಿಗಳು

ಮೂಲ ಆಟವು ಬಳಿಕ ಅನೇಕ ವೇದಿಕೆಗಳಲ್ಲಿ ಮರುಬಿಡುಗಡೆಯಾಯಿತು. 2019ರ ನಿಂಟೆಂಡೊ ಸ್ವಿಚ್ ಆವೃತ್ತಿಯಲ್ಲಿ ಚಲನ ನಿಯಂತ್ರಣವನ್ನು ಅಳವಡಿಸದಿದ್ದುದು ಟೀಕೆಗೆ ಗುರಿಯಾಯಿತು; ವೀ ಆವೃತ್ತಿಯಿಂದ ಆಟಗಾರರಲ್ಲಿ ಮೂಡಿದ್ದ ನಿರೀಕ್ಷೆಗೆ ಇದು ಸಾಕ್ಷಿ. 2021ರಲ್ಲಿ ಆಕ್ಯುಲಸ್ ಕ್ವೆಸ್ಟ್ 2 ಸಾಧನಕ್ಕಾಗಿ ಬಂದ ವರ್ಚುವಲ್ ರಿಯಾಲಿಟಿ ಆವೃತ್ತಿಯು ಕೈಯಿಂದ ಗುರಿಯಿಡುವ ಕಲ್ಪನೆಯನ್ನು ಮುಂದುವರಿಸಿತು. ಅದರಲ್ಲಿ ಆಟಗಾರನು ಲಿಯಾನ್‌ನ ಕಣ್ಣುಗಳಿಂದಲೇ ನೋಡುತ್ತಾನೆ ಮತ್ತು ಗುರಿಯಿಡುತ್ತಲೇ ನಡೆಯಬಹುದು. 2023ರ ಮಾರ್ಚ್‌ನಲ್ಲಿ ಕ್ಯಾಪ್‌ಕಾಮ್ ಆಟವನ್ನು ಹೊಸದಾಗಿ ಪುನರ್ನಿರ್ಮಿಸಿ ಬಿಡುಗಡೆ ಮಾಡಿತು. ಈ ಪುನರ್ನಿರ್ಮಿತ ಆಟದಲ್ಲಿಯೂ ಬಂದೂಕು ಎತ್ತಿಕೊಂಡೇ ನಡೆಯಬಹುದು. ಆದರೆ ಅದಕ್ಕೆ ತಕ್ಕಂತೆ ಶತ್ರುಗಳ ವೇಗ ಮತ್ತು ಆಕ್ರಮಣಶೀಲತೆಯನ್ನು ಹೆಚ್ಚಿಸಲಾಗಿದೆ.